ಪರರ ಮನೆಯ ಬೀಗದ ಕೈ

ಮನೆಯವರು ಪರಸ್ಥಳಕ್ಕೆ ಹೊರಟಾಗ ನಾಯಿ ಮನೆಯನ್ನು ಕಾಯುವುದು ನಮ್ಮ ನಾಡಿನ ರೂಢಿ. ಇಂಗ್ಲೆಂಡಿನಲ್ಲಿ ಮನೆಯವರು ಪರಸ್ಥಳಕ್ಕೆ ಹೊರಟರೆ ನಾಯಿಯನ್ನು ಕಾಯುವವರು ಯಾರೆಂಬುದೇ ಮೊದಲ ಪ್ರಶ್ನೆ. ವಿಮಾನದ ಟಿಕೆಟ್ಟು, ಹೋಟೆಲಿನ ಕೊಠಡಿ, ಪೆಟ್ಟಿಗೆಗೆ ತುಂಬುವ ಉಡುಪು ಎಲ್ಲವೂ ಆಮೇಲಿನ ಮಾತು. ಈ ಪ್ರಶ್ನೆಗೆ ಉತ್ತರವಾಗಿ ಒಂದು ವಿಶಿಷ್ಟ ಬಗೆಯ ಪ್ರವಾಸವೇ ಆ ದೇಶದಲ್ಲಿ ಬೇರೂರಿದೆ. ಅಪರಿಚಿತನೊಬ್ಬನು ಬಂದು ಮನೆಯವರ ಕೈಯಿಂದ ಬೀಗದ ಕೈಯನ್ನು ಪಡೆಯುತ್ತಾನೆ. ಅವರು ಮರಳುವವರೆಗೆ ಅವರ ಮಂಚದಲ್ಲಿ ಮಲಗಿ, ಅವರ ಒಲೆಯಲ್ಲಿ ಬೇಯಿಸಿಕೊಂಡು, ಅವರ ನಾಯಿಯನ್ನು ಅಡ್ಡಾಡಿಸಿ, ಬೆಕ್ಕಿಗೆ ಉಣಿಸಿ, ಹೂಗಿಡಗಳಿಗೆ ನೀರೆರೆಯುತ್ತಾನೆ. ಅವರು ಬಂದ ದಿನ ಬೀಗದ ಕೈಯನ್ನು ಒಪ್ಪಿಸಿ ಮತ್ತೊಂದೂರಿನ ಮತ್ತೊಂದು ಮನೆಗೆ ಹೊರಡುತ್ತಾನೆ. ಅವನು ಬಾಡಿಗೆ ಕೊಡುವುದಿಲ್ಲ. ಅವರು ಸಂಬಳ ಕೊಡುವುದಿಲ್ಲ. ಇದಕ್ಕೆ ಅಲ್ಲಿ ‘ಹೌಸ್ ಸಿಟಿಂಗ್’ ಎಂದು ಹೆಸರು. ಈ ವ್ರತವನ್ನು ಕೈಕೊಂಡವನನ್ನು ಕನ್ನಡದಲ್ಲಿ ಗೃಹಪಾಲಕನೆನ್ನಬಹುದು.

ವಸತಿಗೆ ದುಡ್ಡು ಬೇಕಿಲ್ಲವೆಂಬುದು ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳುವ ಲಾಭ. ಒಳಹೊಕ್ಕು ನೋಡಿದವರಿಗೆ ಕಾಣುವುದು ಬೇರೆಯೇ ಒಂದು ಸಂಗತಿ. ಹೋಟೆಲಿನಲ್ಲಿ ತಂಗುವವನು ಊರನ್ನು ಕಾಣುತ್ತಾನೆ. ಪರರ ಮನೆಯನ್ನು ಕಾಯುವವನು ಆ ಊರಿನವರ ನಂಬಿಕೆಯನ್ನು ಹೊರುತ್ತಾನೆ. ಹೊರೆ ಹಗುರವಾದುದೇನೂ ಅಲ್ಲ.

ವಿಶ್ವಾಸವೇ ಬಂಡವಾಳ

ಈ ವ್ಯವಸ್ಥೆ ನಡೆಯುವ ಕ್ರಮ ಸರಳವಾಗಿದೆ. ದಕ್ಷಿಣ ತೀರದ ಬ್ರೈಟನ್ ಪಟ್ಟಣದಲ್ಲಿ 2010ರಲ್ಲಿ ಆರಂಭವಾದ ‘ಟ್ರಸ್ಟೆಡ್ ಹೌಸ್‌ಸಿಟರ್ಸ್’ ಎಂಬ ಸಂಸ್ಥೆಯೂ ಅಂಥವೇ ಇತರ ಸಂಸ್ಥೆಗಳೂ ಮನೆಯುಳ್ಳವರಿಗೂ ಮನೆ ಕಾಯಲು ಬರುವವರಿಗೂ ಅಂತರಜಾಲದ ಮೂಲಕ ಪರಿಚಯ ಮಾಡಿಸುತ್ತವೆ. ಉಭಯ ಪಕ್ಷದವರೂ ಸಂಸ್ಥೆಗೆ ಚಂದಾ ತೆರುತ್ತಾರೆ. ತಮ್ಮತಮ್ಮೊಳಗೆ ಹಣದ ಮಾತೆತ್ತುವುದಿಲ್ಲ. ಮನೆಯುಳ್ಳವರು ತಮ್ಮ ಊರು, ಮನೆಯ ಚಿತ್ರ, ಸಾಕಿದ ಪ್ರಾಣಿಗಳ ವಯಸ್ಸು ಹಾಗೂ ಸ್ವಭಾವ, ತಾವು ಹೊರಡುವ ಮತ್ತು ಹಿಂದಿರುಗುವ ದಿನಗಳನ್ನು ಪ್ರಕಟಿಸುತ್ತಾರೆ. ಕಾಯಲು ಬಯಸುವವರು ಹಿಂದೆ ತಾವು ಕಾದ ಮನೆಗಳವರು ಬರೆದುಕೊಟ್ಟ ಅಭಿಪ್ರಾಯಗಳನ್ನು ಮುಂದಿಟ್ಟು ಅರ್ಜಿ ಹಾಕುತ್ತಾರೆ. ದೂರವಾಣಿಯಲ್ಲಿ ಮುಖಾಮುಖಿ ಮಾತುಕತೆಯಾಗುತ್ತದೆ. ಆ ಮಾತುಕತೆಯಲ್ಲಿ ಯಜಮಾನಿತಿಯು ಅಭ್ಯರ್ಥಿಯ ವಿದ್ಯೆ, ಉದ್ಯೋಗಗಳನ್ನು ಕೇಳುವುದು ಕಡಮೆ. ಪರದೆಯ ಮೇಲೆ ತನ್ನ ಬೆಕ್ಕು ಕಾಣಿಸಿಕೊಂಡಾಗ ಆತನ ಮುಖದಲ್ಲಿ ಮೂಡುವ ಭಾವವನ್ನು ನೋಡುವುದೇ ಹೆಚ್ಚು.

ಒಪ್ಪಂದವಾದ ಮೇಲೆ ದೊರೆಯುವುದು ಒಂದು ಸೂಚನಾ ಪುಸ್ತಕ. ಇಂಗ್ಲಿಷರ ಗೃಹಜೀವನವನ್ನು ಅರಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ನೀರು ಕಾಯಿಸುವ ಬಾಯ್ಲರು ಮುನಿಸಿಕೊಂಡರೆ ಯಾವ ಗುಂಡಿಯನ್ನು ಒತ್ತಬೇಕು. ಯಾವ ವಾರ ಯಾವ ಬಣ್ಣದ ಕಸದ ತೊಟ್ಟಿಯನ್ನು ಬೀದಿಗೆ ತಳ್ಳಬೇಕು. ಪಕ್ಕದ ಮನೆಯವರಲ್ಲಿ ಯಾರ ಬಳಿ ಇನ್ನೊಂದು ಬೀಗದ ಕೈಯಿದೆ. ನಾಯಿಗೆ ಮಾತ್ರೆಯನ್ನು ಯಾವುದರೊಳಗೆ ಅಡಗಿಸಿ ಕೊಡಬೇಕು — ಎಲ್ಲವೂ ಅದರಲ್ಲಿ ಲಿಖಿತವಾಗಿರುತ್ತವೆ. ಕೆಲವು ನಿಷೇಧಗಳು ನಮ್ಮ ಅಡುಗೆಮನೆಯವರನ್ನು ಬೆಚ್ಚಿಬೀಳಿಸುವಂತಿವೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷಪ್ರಾಯ. ಊಟ ಮಿಕ್ಕಿತೆಂದು ಈರುಳ್ಳಿ ಹುಳಿಯನ್ನಾಗಲಿ, ದ್ರಾಕ್ಷಿ ಹಾಕಿದ ಪಾಯಸವನ್ನಾಗಲಿ ಅದರ ಬಟ್ಟಲಿಗೆ ಸುರಿದರೆ ಕರುಣೆಯೇ ಕೊಲೆಯಾದೀತು. ಬೆಕ್ಕಿರುವ ಮನೆಗೆ ಲಿಲ್ಲಿ ಹೂವನ್ನು ಕಾಣಿಕೆಯಾಗಿ ಒಯ್ಯುವುದೂ ಅಪಾಯವೇ. ಅದರ ಪರಾಗ ಮೈಗಂಟಿ, ಬೆಕ್ಕು ಮೈ ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡಗಳು ಕೆಡುತ್ತವೆ.

ಭಾರತದಿಂದ ಹೊರಡುವವರು ಮೊದಲಿಗೇ ಗಮನಿಸಬೇಕಾದ ಒಂದು ತೊಡಕುಂಟು. ಸಾಮಾನ್ಯ ಸಂದರ್ಶಕರ ವೀಸಾ ಆರು ತಿಂಗಳವರೆಗೆ ಅಲ್ಲಿರಲು ಅನುಮತಿ ಕೊಡುತ್ತದೆ, ದುಡಿಯಲು ಕೊಡುವುದಿಲ್ಲ. ಹಣ ಕೈ ಬದಲಾಯಿಸದಿದ್ದರೂ, ವಸತಿಗೆ ಪ್ರತಿಯಾಗಿ ಮಾಡುವ ಆರೈಕೆಯನ್ನು ದುಡಿಮೆಯೆಂದು ಎಣಿಸುತ್ತಾರೆಯೆ ಎಂಬುದನ್ನು ಬಲ್ಲವರಿಂದ ಲಿಖಿತವಾಗಿ ತಿಳಿದುಕೊಂಡೇ ಹೊರಡುವುದು ವಿವೇಕ. ಅಲ್ಲಿಯೇ ನೆಲೆಸಿರುವವರಿಗೆ ಈ ಅಡ್ಡಿಯಿಲ್ಲ. ಉದ್ಯೋಗದಿಂದ ನಿವೃತ್ತರಾದ ದಂಪತಿಗಳು, ಎಲ್ಲಿ ಕುಳಿತರೂ ಬರೆಯಬಲ್ಲ ಲೇಖಕರು, ಸ್ವಂತ ನಾಯಿಯನ್ನು ಕಳೆದುಕೊಂಡು ಇನ್ನೊಂದನ್ನು ಸಾಕಲು ಮನಸ್ಸು ಬಾರದವರು, ಇಂಥವರೇ ಬಹುಮಟ್ಟಿಗೆ ಈ ದಾರಿಯನ್ನು ಹಿಡಿಯುತ್ತಾರೆ.

ಹಾಡ್ಜನಿಗೆ ಸಿಂಪಿ

ಪಯಣವು ಸಾಮಾನ್ಯವಾಗಿ ಲಂಡನ್ನಿನಿಂದ ಮೊದಲಾಗುತ್ತದೆ. ನಗರದ ಮನೆಗಳಲ್ಲಿ ಬೆಕ್ಕುಗಳೇ ಹೆಚ್ಚು ಅನುಕೂಲ. ಹಿಂಬಾಗಿಲಿನ ಕೆಳಗೆ ಕೊರೆದ ಪುಟ್ಟ ಕದವನ್ನು ತಲೆಯಿಂದ ನೂಕಿಕೊಂಡು ಬೆಕ್ಕು ತನ್ನಿಚ್ಛೆಯಂತೆ ಹೋಗಿ ಬರುತ್ತದೆ. ಬೆಳಗ್ಗೆ ಸಂಜೆ ಅದಕ್ಕೆ ಉಣಿಸಿದರೆ ಹಗಲೆಲ್ಲ ನಗರವನ್ನು ಸುತ್ತಲು ಬಿಡುವು. ಹೀಗೆ ಸುತ್ತುವವನು ಫ್ಲೀಟ್ ಬೀದಿಯ ಹಿಂಭಾಗದ ಗಾಫ್ ಚೌಕವನ್ನು ತಪ್ಪದೆ ನೋಡಬೇಕು. 1755ರಲ್ಲಿ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಆ ಮಹಾಗ್ರಂಥವನ್ನು ಸಿದ್ಧಪಡಿಸಿದ ಮನೆ ಅಲ್ಲಿದೆ. ಅದರೆದುರಿಗೆ 1997ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಿದೆ. ಪ್ರತಿಮೆ ಜಾನ್ಸನ್ನನದಲ್ಲ, ಆತನ ಬೆಕ್ಕು ಹಾಡ್ಜನದು. ನಿಘಂಟಿನ ಮೇಲೆ ಕುಳಿತಿರುವ ಅದರ ಬಳಿ ಸಿಂಪಿಯ ಚಿಪ್ಪುಗಳಿವೆ.

ಆ ಚಿಪ್ಪುಗಳಿಗೊಂದು ಕಥೆಯುಂಟು. ಹಾಡ್ಜನಿಗೆ ಸಿಂಪಿಯ ಮಾಂಸವನ್ನು ತರಲು ಜಾನ್ಸನ್ ತಾನೇ ಅಂಗಡಿಗೆ ಹೋಗುತ್ತಿದ್ದನೆಂದು ಆತನ ಚರಿತ್ರಕಾರ ಬಾಸ್ವೆಲ್ 1791ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಸೇವಕರಿರಲಿಲ್ಲವೆ? ಇದ್ದರು. ಆದರೆ ಬೆಕ್ಕಿಗಾಗಿ ಬೀದಿ ಅಲೆಯಬೇಕಾದ ಬೇಸರದಿಂದ ಅವರು ಆ ಮೂಕಪ್ರಾಣಿಯನ್ನೇ ದ್ವೇಷಿಸತೊಡಗಿಯಾರೆಂಬ ಅಳುಕು ಆ ಪಂಡಿತನಿಗೆ. ಗೃಹಪಾಲಕನನ್ನು ಆರಿಸುವ ಪ್ರತಿಯೊಬ್ಬ ಇಂಗ್ಲಿಷ್ ಗೃಹಿಣಿಯ ಮನಸ್ಸಿನಲ್ಲಿಯೂ ಇದೇ ಅಳುಕು ಇಂದಿಗೂ ಕೆಲಸಮಾಡುತ್ತದೆ. ಅನ್ನ ನೀರು ಯಾರು ಬೇಕಾದರೂ ಇಟ್ಟಾರು. ಹೊರೆಯೆಂದು ಎಣಿಸದೆ ಇಡುವವರು ಬೇಕು. ಕೂಲಿಗೆ ಬರುವವರಿಗಿಂತ ಪ್ರೀತಿಗೆ ಬರುವವರನ್ನು ಅವರು ಹುಡುಕುವುದರ ಮರ್ಮ ಇಲ್ಲಿದೆ.

ಈ ಅಳುಕು ಆ ದೇಶದ ಕಾನೂನಿನೊಳಕ್ಕೂ ಇಳಿದುಬಂದಿದೆ. ದನಕರುಗಳನ್ನು ಹಿಂಸಿಸುವುದನ್ನು ತಡೆಯುವ ಶಾಸನವನ್ನು ಅಲ್ಲಿನ ಸಂಸತ್ತು 1822ರಲ್ಲಿಯೇ ಅಂಗೀಕರಿಸಿತು. ಎರಡು ವರ್ಷಗಳ ಅನಂತರ, 1824ರಲ್ಲಿ, ಲಂಡನ್ನಿನ ಒಂದು ಕಾಫಿ ಗೃಹದಲ್ಲಿ ಸೇರಿದ ಕೆಲವರು ಪ್ರಾಣಿಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದರು; 1840ರಲ್ಲಿ ವಿಕ್ಟೋರಿಯಾ ರಾಣಿ ಅದಕ್ಕೆ ‘ರಾಯಲ್’ ಎಂಬ ಬಿರುದನ್ನಿತ್ತಳು. 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಬೀದಿಪಾಲಾದ ನಾಯಿಗಳಿಗಾಗಿ ತೆರೆದ ಆಶ್ರಯವು 1871ರಲ್ಲಿ ಬ್ಯಾಟರ್ಸೀಗೆ ಸ್ಥಳಾಂತರಗೊಂಡು ಜಗತ್ಪ್ರಸಿದ್ಧವಾಯಿತು. 2006ರ ಪ್ರಾಣಿಕಲ್ಯಾಣ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಿಂಸೆ ಮಾಡದಿದ್ದರೆ ಸಾಲದು; ತಕ್ಕ ವಸತಿ, ತಕ್ಕ ಆಹಾರ, ಸಹಜವಾಗಿ ವರ್ತಿಸಲು ಅವಕಾಶ, ಇತರ ಪ್ರಾಣಿಗಳ ಸಂಗ ಅಥವಾ ಅವುಗಳಿಂದ ದೂರ, ನೋವು ರೋಗಗಳಿಂದ ರಕ್ಷಣೆ — ಈ ಐದನ್ನೂ ಒದಗಿಸುವುದು ಪ್ರಾಣಿಯ ಹೊಣೆ ಹೊತ್ತವನ ಕರ್ತವ್ಯ. ಆ ಹೊಣೆ ಶಾಶ್ವತವಾಗಿರಲಿ, ತಾತ್ಕಾಲಿಕವಾಗಿರಲಿ, ಶಾಸನಕ್ಕೆ ಒಂದೇ. ಎಂದರೆ ಹತ್ತು ದಿನದ ಗೃಹಪಾಲಕನೂ ಕಾನೂನಿನ ದೃಷ್ಟಿಯಲ್ಲಿ ಹೊಣೆಗಾರನೇ.

ಬ್ಯಾಟರ್ಸೀ ಆಶ್ರಯದಿಂದಲೇ 2011ರಲ್ಲಿ ಲ್ಯಾರಿ ಎಂಬ ಬೆಕ್ಕು ಡೌನಿಂಗ್ ಬೀದಿಯ ಪ್ರಧಾನಿ ನಿವಾಸಕ್ಕೆ ಇಲಿ ಹಿಡಿಯಲೆಂದು ಬಂದಿತು. 2024ರ ಚುನಾವಣೆ ಮುಗಿಯುವ ವೇಳೆಗೆ ಅದು ಆರು ಮಂದಿ ಪ್ರಧಾನಿಗಳನ್ನು ಕಂಡಿತ್ತು. ಒಬ್ಬೊಬ್ಬ ಪ್ರಧಾನಿಯೂ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಬೆಕ್ಕು ಮಾತ್ರ ಅಲ್ಲಿಯೇ ಉಳಿಯಿತು. ಮನೆಯ ನಿಜವಾದ ಒಕ್ಕಲು ಯಾರು, ಬಂದುಹೋಗುವ ಅತಿಥಿ ಯಾರು ಎಂಬುದನ್ನು ಗೃಹಪಾಲಕರು ಈ ಬೆಕ್ಕಿನಿಂದ ಕಲಿಯಬೇಕು.

ಹೊಲದ ದಾರಿ

ಲಂಡನ್ನಿನಿಂದ ನೈಋತ್ಯಕ್ಕೆ ರೈಲು ಹಿಡಿದರೆ ಡಾರ್ಸೆಟ್ ಸೀಮೆ ಸಿಗುತ್ತದೆ. ಇಲ್ಲಿಂದ ಮುಂದೆ ನಾಯಿಗಳ ರಾಜ್ಯ. ನಾಯಿಯಿರುವ ಮನೆಯನ್ನು ಹಿಡಿದವನಿಗೆ ಬೆಳಗಿನ ನಿದ್ರೆಯಿಲ್ಲ. ಆದರೆ ಪ್ರವಾಸಿಯ ಕಣ್ಣಿಗೆ ಬೀಳದ ಇಂಗ್ಲೆಂಡು ಅವನಿಗೆ ದಿನಕ್ಕೆರಡು ಬಾರಿ ದರ್ಶನ ಕೊಡುತ್ತದೆ. ಒಂಟಿಯಾಗಿ ನಡೆಯುವ ವಿದೇಶೀಯನನ್ನು ಅಲ್ಲಿನವರು ಮಾತನಾಡಿಸುವುದು ಅಪೂರ್ವ. ಅವನ ಕೈಯಲ್ಲಿ ಪರಿಚಿತ ನಾಯಿಯೊಂದರ ಪಟ್ಟಿಯಿದ್ದರೆ ಹಾದಿಯುದ್ದಕ್ಕೂ ಜನ ನಿಲ್ಲುತ್ತಾರೆ. ಮೊದಲು ಮಾತನಾಡಿಸುವುದು ನಾಯಿಯನ್ನು, ಹೆಸರು ಹಿಡಿದು; ಆಮೇಲೆ ಅದನ್ನು ಕರೆತಂದವನನ್ನು.

ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಸಾರ್ವಜನಿಕರು ಹಕ್ಕಿನಿಂದ ನಡೆಯಬಹುದಾದ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರು. ಅವು ರಾಜಬೀದಿಗಳಲ್ಲ, ಖಾಸಗಿ ಹೊಲಗಳ ನಡುವೆ, ಕೊಟ್ಟಿಗೆಯ ಪಕ್ಕದಲ್ಲಿ, ಬೇಲಿಯ ಮೇಲಣ ಮೆಟ್ಟಿಲನ್ನೇರಿ ಇಳಿದು ಸಾಗುವ ಕಾಲುಹಾದಿಗಳು. ಆರ್ಡ್‌ನನ್ಸ್ ಸರ್ವೆ ಇಲಾಖೆಯ ದೊಡ್ಡ ಅಳತೆಯ ನಕ್ಷೆಗಳಲ್ಲಿ ಹಸಿರು ಗೆರೆಯ ತುಣುಕುಗಳಾಗಿ ಅವು ಕಾಣಸಿಗುತ್ತವೆ. ಗುಡ್ಡ ಬಯಲುಗಳಲ್ಲಿ ಅಡ್ಡಾಡುವ ಹಕ್ಕಿಗಾಗಿಯಂತೂ ಜನ ಹೋರಾಡಿದ್ದಾರೆ. 1932ರ ಏಪ್ರಿಲಿನಲ್ಲಿ ಉತ್ತರದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಜಮೀನುದಾರರ ನಿಷೇಧವನ್ನು ಮೀರಿ ನೂರಾರು ಮಂದಿ ಏರಿಹೋದರು; ಕೆಲವರು ಸೆರೆಮನೆಯನ್ನು ಕಂಡರು. ಆ ಬೆಟ್ಟ ಈಗ 1951ರಲ್ಲಿ ಸ್ಥಾಪಿತವಾದ ದೇಶದ ಮೊದಲ ರಾಷ್ಟ್ರೀಯ ಉದ್ಯಾನದೊಳಗಿದೆ.

ಹಕ್ಕಿರುವಲ್ಲಿ ಕಟ್ಟಳೆಯೂ ಇದೆ. ಹಕ್ಕಿಗಳು ನೆಲದಲ್ಲಿ ಗೂಡು ಕಟ್ಟುವ ಕಾಲದಲ್ಲಿ, ಮಾರ್ಚಿ 1ರಿಂದ ಜುಲೈ 31ರವರೆಗೆ, ತೆರೆದ ಬಯಲುಗಳಲ್ಲಿ ನಾಯಿಯನ್ನು ಗಿಡ್ಡ ಹಗ್ಗದಲ್ಲಿಯೇ ಹಿಡಿದಿರಬೇಕು. ಕುರಿಗಳ ಬಳಿ ವರ್ಷವಿಡೀ ಹಾಗೆಯೇ. ಕುರಿಮಂದೆಯನ್ನು ಅಟ್ಟಿಹೋಗುವ ನಾಯಿಯನ್ನು ತಡೆಯಲು ಬೇರೆ ದಾರಿಯಿಲ್ಲದಾಗ ಗುಂಡಿಕ್ಕಿದ ರೈತನಿಗೆ 1971ರ ಶಾಸನ ರಕ್ಷಣೆ ಕೊಡುತ್ತದೆ. ಹಸುಗಳ ವಿಷಯದಲ್ಲಿ ಭಾರತೀಯನು ವಿಶೇಷವಾಗಿ ಎಚ್ಚರ ವಹಿಸಬೇಕು. ಗೋವೆಂದರೆ ಸಾಧುವೆಂಬ ನಂಬಿಕೆ ನಮ್ಮದು. ಕರುವಿರುವ ಇಂಗ್ಲಿಷ್ ಹಸು ನಾಯಿಯನ್ನು ಕಂಡರೆ ಮಂದೆಸಹಿತ ನುಗ್ಗಿಬರುವುದುಂಟು. ಅಂಥ ಗಳಿಗೆಯಲ್ಲಿ ಹಗ್ಗವನ್ನು ಬಿಟ್ಟುಬಿಡಬೇಕೆಂದು ಬಲ್ಲವರು ಹೇಳುತ್ತಾರೆ. ನಾಯಿ ಓಡಿ ಪಾರಾಗುತ್ತದೆ, ಮನುಷ್ಯನೂ ಉಳಿಯುತ್ತಾನೆ.

ಡಾರ್ಸೆಟ್ಟಿನ ಡಾರ್ಚೆಸ್ಟರ್ ಊರಂಚಿನಲ್ಲಿ ‘ಮ್ಯಾಕ್ಸ್ ಗೇಟ್’ ಎಂಬ ಮನೆಯಿದೆ. ಕಾದಂಬರಿಕಾರ ಥಾಮಸ್ ಹಾರ್ಡಿ ತಾನೇ ನಕ್ಷೆ ಬರೆದು ಕಟ್ಟಿಸಿ, 1885ರಲ್ಲಿ ಗೃಹಪ್ರವೇಶ ಮಾಡಿ, 1928ರಲ್ಲಿ ಕಣ್ಣುಮುಚ್ಚುವವರೆಗೆ ಬಾಳಿದ ಮನೆ. ಅಲ್ಲಿದ್ದ ವೆಸೆಕ್ಸ್ ಎಂಬ ನಾಯಿ ಸಜ್ಜನಿಕೆಗೆ ಹೆಸರಾದುದಲ್ಲ. ಬಂದ ಅತಿಥಿಗಳ ಕಾಲು ಹಿಡಿಯುವುದು, ಊಟದ ಮೇಜನ್ನೇರಿ ತಟ್ಟೆಗೆ ಬಾಯಿಡುವುದು ಅದರ ನಿತ್ಯಕರ್ಮ. ಆದರೂ 1926ರ ಡಿಸೆಂಬರಿನಲ್ಲಿ ಅದು ಸತ್ತಾಗ ವೃದ್ಧ ಹಾರ್ಡಿ ತೀರ ನೊಂದನು. ತೋಟದಲ್ಲಿ ಅದಕ್ಕೆ ಗೋರಿಯಾಯಿತು, ಶಿಲೆ ನಿಂತಿತು. ಪರರ ನಾಯಿ ಎಷ್ಟೇ ತುಂಟನಾಗಿರಲಿ, ಅದರ ಮನೆಯವರಿಗೆ ಅದು ಏನಾಗಿದೆಯೆಂಬುದನ್ನು ಹೊರಗಿನವನು ಅಳೆಯಲಾರನೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಚಳಿಗಾಲದ ಪರೀಕ್ಷೆ

ಬೇಸಗೆಯ ಇಂಗ್ಲೆಂಡು ಗೃಹಪಾಲಕನಿಗೆ ಸ್ವರ್ಗ. ಜೂನಿನಲ್ಲಿ ಲಂಡನ್ನಿನ ಹಗಲು ಹದಿನಾರು ಗಂಟೆಗಳನ್ನು ಮೀರುತ್ತದೆ. ಅದೇ ಡಿಸೆಂಬರಿನಲ್ಲಿ ಎಂಟು ಗಂಟೆಯೂ ತುಂಬುವುದಿಲ್ಲ. ಉತ್ತರಕ್ಕೆ ಹೋದಷ್ಟೂ ಕತ್ತಲೆ ಹೆಚ್ಚು. ಮಕ್ಕಳ ಮನೆಗೋ ಬಿಸಿಲಿನ ನಾಡಿಗೋ ಜನ ಹೊರಡುವ ಕ್ರಿಸ್‌ಮಸ್ ಕಾಲದಲ್ಲಿಯೇ ಕಾಯುವವರು ಬೇಕಾಗುವುದು. ಕ್ರಿಸ್‌ಮಸ್ ದಿನ ರೈಲುಗಳು ಓಡುವುದಿಲ್ಲ, ಅಂಗಡಿಗಳು ಮುಚ್ಚಿರುತ್ತವೆ. ಪರದೇಶದ ಹಳ್ಳಿಯೊಂದರ ಮನೆಯಲ್ಲಿ ಒಬ್ಬಂಟಿಯಾದ ಗೃಹಪಾಲಕನೂ ಮುಪ್ಪಾದ ಒಂದು ನಾಯಿಯೂ ಉಳಿದಿರುತ್ತಾರೆ. ಅಂದು ಸಂಜೆ ನಾಯಿ ಅನ್ನ ಮುಟ್ಟದಿದ್ದರೆ?

ಈ ವ್ಯವಸ್ಥೆಯ ಕಷ್ಟವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ. ವಿವೇಕಿಗಳಾದ ಮನೆಯವರು ಹೊರಡುವ ಮೊದಲೇ ಪಶುವೈದ್ಯರ ಬಳಿ ಒಪ್ಪಿಗೆ ಪತ್ರವನ್ನು ಬರೆದಿಡುತ್ತಾರೆ: ತಮ್ಮ ಗೈರುಹಾಜರಿಯಲ್ಲಿ ನಾಯಿಯನ್ನು ಕರೆತರುವವರು ಯಾರು, ಎಷ್ಟು ಹಣದವರೆಗೆ ಚಿಕಿತ್ಸೆ ನಡೆಸಬಹುದು, ತಾವು ದೂರವಾಣಿಗೆ ಸಿಗದಿದ್ದರೆ ಯಾರನ್ನು ಕೇಳಬೇಕು. ಅತಿ ಕಠಿನವಾದ ಕೊನೆಯ ಪ್ರಶ್ನೆಯೊಂದಿದೆ. ಪ್ರಾಣಿಯ ನೋವು ಮಿತಿಮೀರಿ, ವೈದ್ಯರು ಚುಚ್ಚುಮದ್ದಿನಿಂದ ಅದನ್ನು ಶಾಂತವಾಗಿ ಕಳುಹಿಸಿಕೊಡುವುದೇ ದಯೆಯೆಂದರೆ, ಹೂಂ ಎನ್ನುವವರು ಯಾರು? ಸಾವಿರಾರು ಮೈಲಿ ದೂರದಲ್ಲಿ ನಿದ್ರಿಸುತ್ತಿರುವ ಯಜಮಾನನೆ? ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಅಪರಿಚಿತನೆ? ಉತ್ತರ ಮೊದಲೇ ಬರಹದಲ್ಲಿರಬೇಕು. ಮಾತನಾಡಲು ಸಂಕೋಚವೆಂದು ಬಿಟ್ಟ ಮಾತು ಆ ರಾತ್ರಿ ಇಬ್ಬರನ್ನೂ ಸುಡುತ್ತದೆ. ಅನುಭವಸ್ಥರಾದ ಗೃಹಪಾಲಕರು ಮೊದಲ ಭೇಟಿಯಲ್ಲಿಯೇ ಈ ಪ್ರಶ್ನೆಯನ್ನು ಕೇಳುತ್ತಾರೆ. ಕೇಳಿದ್ದಕ್ಕಾಗಿ ಮನೆಯವರ ವಿಶ್ವಾಸವನ್ನೂ ಗಳಿಸುತ್ತಾರೆ.

ಯಾರ್ಕ್‌ಷೈರಿನ ಹಾವರ್ತ್ ಹಳ್ಳಿಯಲ್ಲಿ ಚಳಿಗಾಲವನ್ನು ಕಳೆಯುವವರಿಗೆ ಈ ಮಾತು ಇನ್ನಷ್ಟು ಹತ್ತಿರ. ಕಪ್ಪುಗಟ್ಟಿದ ಕಲ್ಲಿನ ಮನೆಗಳು, ಊರಾಚೆಗೆ ಗಾಳಿ ಹೊಯ್ಯುವ ಬಯಲು. 1928ರಿಂದ ವಸ್ತುಸಂಗ್ರಹಾಲಯವಾಗಿರುವ ಅಲ್ಲಿನ ಪಾದ್ರಿಯ ಮನೆಯಲ್ಲಿಯೇ ಬ್ರಾಂಟಿ ಸೋದರಿಯರು ಬಾಳಿ ಬರೆದರು. ನಡುವಿನವಳಾದ ಎಮಿಲಿ ಸಾಕಿದ ದೊಡ್ಡ ನಾಯಿಯ ಹೆಸರು ಕೀಪರ್, ಎಂದರೆ ಕಾಯುವವನು. 1848ರ ಡಿಸೆಂಬರ್ 19ರಂದು, ಮೂವತ್ತರ ವಯಸ್ಸಿನಲ್ಲಿ, ಎಮಿಲಿ ಕ್ಷಯದಿಂದ ತೀರಿಕೊಂಡಳು. ಶವಯಾತ್ರೆಯಲ್ಲಿ ಕೀಪರ್ ಮನೆಯವರೊಡನೆ ನಡೆದು ಬಂದಿತೆಂದೂ, ಆಮೇಲೆ ಆಕೆಯ ಕೋಣೆಯ ಬಾಗಿಲಲ್ಲಿ ಮಲಗಿ ದಿನಗಟ್ಟಲೆ ಅಳುತ್ತಿದ್ದಿತೆಂದೂ ಶಾರ್ಲಟ್ ಬ್ರಾಂಟಿಯ ಚರಿತ್ರೆಯನ್ನು 1857ರಲ್ಲಿ ಪ್ರಕಟಿಸಿದ ಗ್ಯಾಸ್ಕೆಲ್ ಬರೆದಿದ್ದಾಳೆ. ಕೀಪರ್ ಇನ್ನೂ ಮೂರು ವರ್ಷ ಬದುಕಿ 1851ರ ಡಿಸೆಂಬರಿನಲ್ಲಿ ಸತ್ತಿತು. ಮನೆಯ ತೋಟದಲ್ಲಿಯೇ ಅದನ್ನು ಹೂತರು. ಅದರ ಹಿತ್ತಾಳೆಯ ಕೊರಳಪಟ್ಟಿ ಸಂಗ್ರಹಾಲಯದ ಸೊತ್ತಾಗಿದೆ.

ಒಡತಿ ಮರಳುವುದಿಲ್ಲವೆಂದು ನಾಯಿಗೆ ತಿಳಿಯದು. ರಜೆಗೆ ಹೋದವರು ಮರಳುತ್ತಾರೆಂದೂ ತಿಳಿಯದು. ಬಾಗಿಲು ಮುಚ್ಚಿತೆಂಬುದೊಂದೇ ಅದಕ್ಕೆ ಗೊತ್ತು. ಆದಕಾರಣ ಹೊಸ ಮನೆಗೆ ಬಂದ ಮೊದಲ ರಾತ್ರಿ ಗೃಹಪಾಲಕನು ಊರು ನೋಡಲು ಹೋಗುವುದಿಲ್ಲ. ಬಾಗಿಲ ಬಳಿಯಿಂದ ಕದಲದೆ ಕಿವಿ ನಿಮಿರಿಸಿ ಕುಳಿತ ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾನೆ. ಮಾತು ಬೇಕಾಗಿಲ್ಲ. ಅಪರಾತ್ರಿಯಲ್ಲೆಂದೋ ಆ ನಾಯಿ ನಿಟ್ಟುಸಿರಿಟ್ಟು ಅವನ ಪಾದದ ಮೇಲೆ ಗದ್ದವನ್ನೂರಿದರೆ, ಅವನ ನೇಮಕಾತಿ ಆಗ ಊರ್ಜಿತವಾಯಿತು.

ಒಪ್ಪಿಸುವ ದಿನ

ಹಾವರ್ತಿನಿಂದ ವಾಯವ್ಯಕ್ಕೆ, ಬೆಟ್ಟಗಳಾಚೆ, ಸರೋವರಗಳ ನಾಡಿದೆ. ವರ್ಡ್ಸ್‌ವರ್ತ್ ಕವಿಯ ನಾಡೆಂದು ನಮ್ಮ ಕಾಲೇಜುಗಳಲ್ಲಿ ಓದಿದವರಿಗೆಲ್ಲ ಅದು ಪರಿಚಿತ. ಅಲ್ಲಿನ ನಿಯರ್ ಸಾವ್ರಿ ಹಳ್ಳಿಯಲ್ಲಿರುವ ‘ಹಿಲ್ ಟಾಪ್’ ಮನೆಯನ್ನು ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಕೊಂಡುಕೊಂಡಳು. ಮೊಲ, ಬಾತು, ಬೆಕ್ಕುಗಳ ಕಥೆಗಳನ್ನು ಚಿತ್ರಸಹಿತ ಬರೆದು ಲೋಕದ ಮಕ್ಕಳನ್ನೆಲ್ಲ ನಲಿಸಿದಾಕೆ ಇವಳೇ. ಪುಸ್ತಕದಿಂದ ಬಂದ ಹಣದಲ್ಲಿ ಆಕೆ ಹೊಲಗಳನ್ನು ಕೊಂಡಳು. ಆ ಬೆಟ್ಟಸೀಮೆಯ ಹರ್ಡ್‌ವಿಕ್ ಕುರಿಯ ತಳಿಯನ್ನು ಸಾಕಿ ಬೆಳೆಸಿದಳು. 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ‘ನ್ಯಾಷನಲ್ ಟ್ರಸ್ಟ್’ ಸಂಸ್ಥೆಗೆ ಬಿಟ್ಟುಹೋದಳು. ಹಿಲ್ ಟಾಪ್ ಮನೆಯನ್ನು ತಾನು ಬಿಟ್ಟಂತೆಯೇ, ಪೀಠೋಪಕರಣಗಳೂ ಪಿಂಗಾಣಿಗಳೂ ಇದ್ದಲ್ಲಿಯೇ ಇರುವಂತೆ, ಕಾಯಬೇಕೆಂಬುದು ಆಕೆಯ ಇಚ್ಛೆಯಾಗಿತ್ತು. ಹಾಗೆಯೇ ಕಾಯಲಾಗಿದೆ. ಹಾರ್ಡಿಯ ಮ್ಯಾಕ್ಸ್ ಗೇಟ್ ಮನೆಯೂ ಈಗ ಇದೇ ಸಂಸ್ಥೆಯ ವಶದಲ್ಲಿದೆ.

ನ್ಯಾಷನಲ್ ಟ್ರಸ್ಟ್ 1895ರಲ್ಲಿ ಹುಟ್ಟಿತು. ಅದು ತನಗೆ ಬಂದ ಭೂಮಿಯನ್ನು ಪರಭಾರೆ ಮಾಡಲಾಗದ ಆಸ್ತಿಯೆಂದು ಘೋಷಿಸುವ ಅಧಿಕಾರವನ್ನು 1907ರ ಶಾಸನ ಕೊಟ್ಟಿತು. ಮನೆಗಳು ಅದರ ಕೈಯಲ್ಲಿವೆ, ಆದರೆ ಮಾರಿ ತಿನ್ನಲು ಅಲ್ಲ; ಇನ್ನೂ ಹುಟ್ಟದವರಿಗಾಗಿ ಇಟ್ಟುಕೊಳ್ಳಲು. ಇದಕ್ಕೆ ನಮ್ಮಲ್ಲಿ ‘ನ್ಯಾಸ’ವೆಂಬ ಹಳೆಯ, ತೂಕದ ಮಾತೊಂದಿದೆ. ಇಟ್ಟುಕೊಂಡವನು ಅದರ ಒಡೆಯನಲ್ಲ; ಹಿಂದಕ್ಕೆ ಕೊಡುವವರೆಗೆ ಅವನಿಗೆ ಸುಖನಿದ್ರೆಯೂ ಇಲ್ಲ. ಒಂದು ದೇಶ ದೊಡ್ಡ ಪ್ರಮಾಣದಲ್ಲಿ ಮಾಡುವುದನ್ನು ಗೃಹಪಾಲಕನು ಹತ್ತು ದಿನಗಳ ಮಟ್ಟಿಗೆ, ಒಂದು ನಾಯಿಯ ಮಟ್ಟಿಗೆ ಮಾಡುತ್ತಾನೆ.

ಕೊನೆಯ ದಿನದ ಕಾರ್ಯಕ್ರಮ ಎಲ್ಲ ಮನೆಗಳಲ್ಲಿಯೂ ಒಂದೇ. ಹಾಸಿಗೆಯ ಬಟ್ಟೆಗಳನ್ನು ಒಗೆದು ಒಣಗಿಸುವುದು. ಪಾತ್ರೆಗಳನ್ನು ಬಂದಾಗ ಇದ್ದ ಸ್ಥಳದಲ್ಲಿಯೇ ಜೋಡಿಸುವುದು. ದಣಿದು ಬರುವವರಿಗೆಂದು ಹಾಲು, ರೊಟ್ಟಿಗಳನ್ನು ತಂದಿಡುವುದು. ಆಮೇಲೆ ಹೊರಗೆ ಕಾರಿನ ಸದ್ದು. ಹತ್ತು ದಿನ ಹೆಜ್ಜೆ ಬಿಡದೆ ಹಿಂಬಾಲಿಸಿದ ನಾಯಿ, ರಾತ್ರಿ ಪಾದದ ಮೇಲೆ ಗದ್ದವೂರಿ ಮಲಗುತ್ತಿದ್ದ ನಾಯಿ, ಒಮ್ಮೆಯೂ ಹಿಂದಿರುಗಿ ನೋಡದೆ ಬಾಗಿಲಿಗೆ ಹಾರುತ್ತದೆ. ತನ್ನವರ ಮೈಮೇಲೆ ಬಿದ್ದು ಹೊರಳಾಡುತ್ತದೆ. ಗೃಹಪಾಲಕನು ತನ್ನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಾನೆ. ಮರೆತೆಯಲ್ಲಾ ಎಂಬ ಒಂದು ಕ್ಷಣದ ನೋವು. ನಾಯಿ ತನ್ನವರನ್ನು ಮರೆಯದಂತೆ, ಅವರ ಕೈಗೆ ಕುಂದಿಲ್ಲದೆ ಒಪ್ಪಿಸಿದೆನೆಂಬ ಸಮಾಧಾನ ಅದರ ಬೆನ್ನಿಗೆ.

ಅವನು ಬೀಗದ ಕೈಯನ್ನು ಮೇಜಿನ ಮೇಲಿಡುತ್ತಾನೆ. ನಿಲ್ದಾಣದಲ್ಲಿ ಮುಂದಿನ ಊರಿನ ರೈಲು ಕಾದಿರುತ್ತದೆ.